ಮೀಸಿ ಪದ

೧೨ ಫೆಬ್ರುವರಿ ೧೯೮೪, ಲಕ್ಷ್ಮೇಶ್ವರ

ಮುಂಡರಗಿಯಿಂದ ಬಂದು ಎರಡು ದಿನವಾಯಿತು, ಧ್ವನಿ ಇನ್ನೂ ಎದ್ದಿಲ್ಲ. ಊಟಕ್ಕೆ ಕುಳಿತಾಗ ಭಾವನವರು ಕೇಳಿದರು, "ಯಾಕ ಅಮೃತವ್ವ, ಗಂಟಲ ಕುಂತೈತಲ್ಲ?" ಥಂಡಿ ಆಗೇತ್ರಿ ಅಂದೆ. ಮದುವೆ ಮನೆಯಲ್ಲಿ ಕಂಡಕಂಡ ನೀರು ಕುಡಿದಿರಬೇಕು ಅಂದರು. ಹೌದ್ರಿ ಅಂದೆ. ಖರೆ ಹೇಳಿದ್ದರೆ ಗಂಗಾಳ ತಳ್ಳಿ ಎದ್ದುಬಿಡುತ್ತಿದ್ದರು.

ಹಾಡಿ ಹಾಡಿ ಕುಂತ ಗಂಟಲು ಇದು. ಚಿಕ್ಕಪ್ಪನ ಮಗಳು ಶಿವಲೀಲಾಳಿಗೆ ಅರಿಷಿಣ ಹಚ್ಚುವ ದಿನ ಹೆಂಗಸರೆಲ್ಲ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡೆವು. ಬೀಗರನ್ನು ಆಡಿಕೊಳ್ಳುವ ಪದಗಳೆಲ್ಲ ಮುಗಿದವು. "ಇನ್ನ ನಿಮ್ಮ ನಿಮ್ಮ ಗಂಡನ ಮನಿಯವರನ್ನ ಹಿಡೀರಿ" ಅಂದಳು ಸೋದರತ್ತೆ. ನನ್ನ ಸರದಿ ಬಂದಾಗ ಏನು ತಲೆಗೆ ಏರಿತ್ತೋ, ಭಾವನವರ ಮೇಲೆಯೇ ಕಟ್ಟಿ ಹಾಡಿಬಿಟ್ಟೆ.

ಮೀಸಿ ತಿರುವ್ಯಾನಂದ್ರ ಊರ ನಡಗತೈತಿ
ಬೀಸೂ ಗಾಳಿ ಸೈತ ಹಾದಿ ಬಿಡತೈತಿ
ಕಾಸಿನಗಲದ ಹಲ್ಲಿ ತೊಲಿಯಿಂದ ಬಿದ್ದೀತ
ಭಾವನ ಕಾಲ ಜ್ವಾಳದ ಚೀಲ ಏರೀತ

ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಇದು ನಡೆದ ಸಂಗತಿ. ಹೋದ ಶ್ರಾವಣದಲ್ಲಿ ತೊಲೆಯಿಂದ ಹಲ್ಲಿ ಬಿದ್ದಾಗ ಭಾವನವರು ಜೋಳದ ಚೀಲದ ಮೇಲೆ ಹತ್ತಿ ನಿಂತಿದ್ದರು. ಕಸಬರಿಗೆಯಿಂದ ಅದನ್ನು ಹೊರಗೆ ಹಾಕಿದವರು ನಾನು ಮತ್ತು ನೆಗೆಣ್ಣಿ ಮರಿಯವ್ವ. ಬೇರೆ ಯಾರೂ ನೋಡಿಲ್ಲ. ಪದ ಮುಗಿದ ಮೇಲೆ ಒಡಪು ಹಾಕಿ ಗಂಡನ ಹೆಸರು ಹೇಳಬೇಕು, ಇಲ್ಲದಿದ್ದರೆ ಎದ್ದು ಹೋಗಲು ಬಿಡುವುದಿಲ್ಲ. ಅದನ್ನೂ ಹೇಳಿದೆ: "ತುಂಬಿದ ಹೊಳಿಯಾಗ ತೇಲತೈತಿ ತೆಪ್ಪ, ಕೇಳ್ರವ್ವ ಹೇಳತೀನಿ, ನನ್ನ ರಾಯ ಸಕ್ರಪ್ಪ."

ಶಿವಲೀಲಾ ತನ್ನ ಅಣ್ಣ ಮುಂಬೈಯಿಂದ ತಂದ ಟೇಪ್‌ರೆಕಾರ್ಡರನ್ನು ಕಿಟಕಿಯಲ್ಲಿ ಇಟ್ಟಿದ್ದಳು. ಅವಳನ್ನು ಸಾಂಗ್ಲಿಯ ಕಡೆ ಕೊಟ್ಟಿದ್ದಾರೆ. ಬೇಸರವಾದಾಗ ನಮ್ಮ ಪದ ಕೇಳುತ್ತಾಳಂತೆ. ಕೇಳಲಿ ಪಾಪ.

ಈ ಮನೆಯಲ್ಲಿ ನಾನು ಹಾಡುವುದಿಲ್ಲ. ಇದು ಹಾಡು ಬಾಡಿಗೆಗೆ ಕೊಡುವ ಮನೆ. ಮೈಕಿನ ಭೋಂಗಾ, ಹಾಡಿನ ಪ್ಲೇಟು, ಆಂಪ್ಲಿಫಯರ್ ಎಲ್ಲವೂ ಪಡಸಾಲೆಯಲ್ಲೇ ಇರುತ್ತವೆ. ಗಂಡನ ಅಣ್ಣ, ಭಾವ ಮೈಲಾರಲಿಂಗಪ್ಪನವರು ಯಜಮಾನರು, ಮದುವೆ ಮನೆಗಳಿಗೆ ಹೋಗಿ ಪ್ಲೇಟು ಹಚ್ಚುವವರು ನಮ್ಮವರು. ಆದರೆ ಮನೆಯ ಹೆಂಗಸಿನ ಧ್ವನಿ ಮಾತ್ರ ಹೊಸ್ತಿಲು ದಾಟಕೂಡದು. ಮರಿಯವ್ವ ದಾಟಿಸಿದಳು. ದೀಪಾವಳಿಗೆ ಮುಂಚೆ ಭಾವನವರ ಎದುರು ನಿಂತು ಜೋರು ಮಾತಾಡಿದಳು, ಮರುದಿನವೇ ಹಿರೇಹಂದಿಗೋಳದ ತವರಿಗೆ ಕಳಿಸಿದರು. ಎರಡು ವರ್ಷದ ಮಗಳು ನೀಲವ್ವನನ್ನು ಇಲ್ಲೇ ಇಟ್ಟುಕೊಂಡರು. ಮರಿಯವ್ವನ ಗಂಡ, ನನ್ನ ಮೈದುನ ಸಂಗಪ್ಪ, ಅಣ್ಣನ ಮುಖ ನೋಡುತ್ತ ನಿಂತಿದ್ದ. ಈಗಲೂ ಹಾಗೇ ನಿಂತಿದ್ದಾನೆ.

ನೀಲವ್ವ ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ನನಗೆ ಮದುವೆಯಾಗಿ ಹನ್ನೊಂದು ವರ್ಷ, ಆ ಮಗ್ಗುಲು ಖಾಲಿಯೇ ಇತ್ತು.

ಈ ನೋಟುಬುಕ್ಕನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತೇನೆ. ಗಂಡಸರು ಅಲ್ಲಿಗೆ ಕೈ ಹಾಕುವುದಿಲ್ಲ.

೩ ಏಪ್ರಿಲ್

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ನೀಲವ್ವನ ಕಿವಿ ಸೋರುತ್ತಿತ್ತು. ಶಿರಹಟ್ಟಿಯ ಡಾಕ್ಟರರಿಗೆ ತೋರಿಸಲು ಭಾವನವರ ಜೊತೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕೂಸು ನನ್ನ ಸೊಂಟದ ಮೇಲಿತ್ತು, ಭಾವನವರು ಎರಡು ಮಾರು ಮುಂದೆ ನಿಂತಿದ್ದರು. ಗುಡುಸಾಬರ ಹೋಟೆಲಿನಲ್ಲಿ ಟೇಪು ಹಚ್ಚಿದ್ದರು. ಸಿನಿಮಾ ಹಾಡು ಮುಗಿಯಿತು. ಆಮೇಲೆ ಬಳೆಗಳ ಸದ್ದು, ಹೆಂಗಸರ ಕಿಸಿಕಿಸಿ ನಗು, ಯಾರೋ "ಹಾಡಲೇ ಹಾಡು" ಅಂದದ್ದು. ಅದು ಸೋದರತ್ತೆಯ ಮಾತು ಅಂತ ತಿಳಿಯುವಷ್ಟರಲ್ಲಿ ನಾನೇ ಹಾಡತೊಡಗಿದ್ದೆ. ಹೋಟೆಲಿನೊಳಗಿಂದ. ಮೀಸಿ ತಿರುವ್ಯಾನಂದ್ರ ಊರ ನಡಗತೈತಿ.

ಬೆಂಚಿನ ಮೇಲೆ ಕೂತ ಗಂಡಸರು ಸೀಟಿ ಹೊಡೆದರು. ನಾನು ಸೆರಗನ್ನು ಕಣ್ಣಿನ ತನಕ ಎಳೆದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಬಾಯಿ ಮುಚ್ಚೇ ಇತ್ತು, ಆದರೂ ಹಾಡು ನಡೆದೇ ಇತ್ತು. ಭಾವನವರು ತಲೆ ವಾರೆ ಮಾಡಿ ಕೇಳಿದರು, ಹೊಸ ಪ್ಲೇಟು ಬಂದಾಗ ಕೇಳುವ ಹಾಗೆ. "ಗಂಟಲ ಛಲೋ ಐತಿ" ಅಂದರು. ಸ್ವಲ್ಪ ತಡೆದು, "ಮಾನ ಇಲ್ಲ" ಅಂದರು.

ಹಲ್ಲಿಯ ಸಾಲು ಬರುವುದಕ್ಕೆ ಮುಂಚೆ ಬಸ್ಸು ಬಂತು. ಇಂಜಿನ್ ಸದ್ದಿನಲ್ಲಿ ಉಳಿದದ್ದು ಮುಳುಗಿತು. ಡಾಕ್ಟರರು ಏನು ಹೇಳಿದರು, ದಿನಕ್ಕೆ ಎಷ್ಟು ಸಲ ಔಷಧಿ ಹಾಕಬೇಕು, ಒಂದೂ ನೆನಪಿಲ್ಲ. ಭಾವನವರನ್ನೇ ಕೇಳಬೇಕಾಯಿತು.

೪ ಏಪ್ರಿಲ್

ಊಟ ಸೇರಲಿಲ್ಲ. ಬೀದಿಯಲ್ಲಿ ಯಾರು ನಕ್ಕರೂ ಬಾಗಿಲಿಗೆ ಹೋಗಿ ಕಿವಿಗೊಡುತ್ತೇನೆ.

೧೯ ಏಪ್ರಿಲ್

ಬಳೆಗಾರ್ತಿ ಮೆಹಬೂಬಿ ಬಂದಿದ್ದಳು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಳಗುಂದ, ಹಳ್ಳಿಹಳ್ಳಿ ತಿರುಗುವವಳು. ಅವಳಿಗೆ ತಿಳಿಯದ ಖಬರ ಇಲ್ಲ. ಹಿತ್ತಲಲ್ಲಿ ಕೂತು ನನ್ನ ಕೈ ಹಿಡಿದವಳೇ ಕಿವಿಯ ಹತ್ತಿರ ಬಾಗಿದಳು.

"ಅಮೃತಕ್ಕಾ, ಆ ಮೀಸಿ ಪದ ನಿಮ್ಮದಲ್ಲೇನ್ರಿ?"

ನಾನು ಕೈ ಕಿತ್ತುಕೊಂಡೆ. ಎರಡು ಬಳೆ ಒಡೆದವು.

"ಅಂಜಬ್ಯಾಡ್ರಿ. ಬಳಿ ಇಡಸ್ಕೊಳ್ಳೋವಾಗ ಹಗೂರಕ ಗುಣಗತೀರಲ್ಲ, ಅದಕ್ಕ ಗುರ್ತ ಹತ್ತಿತು. ನನ್ನ ಬಾಯಾಗಿಂದ ಒಂದ ಮಾತ ಹೊರಗ ಬಿದ್ದರ ಕೇಳ್ರಿ."

ಹೇಗೆ ಆಯಿತೆಂದು ಅವಳೇ ತಿಳಿದುಕೊಂಡು ಬಂದಿದ್ದಾಳೆ. ಶಿವಲೀಲಾಳ ಗಂಡ ಸಾಂಗ್ಲಿಗೆ ಹೋಗುವ ದಾರಿಯಲ್ಲಿ ಆ ಕ್ಯಾಸೆಟ್ಟಿನದು ಇನ್ನೊಂದು ಪ್ರತಿ ಮಾಡಿಸಲು ಗದಗಿನ ಒಂದು ಅಂಗಡಿಗೆ ಕೊಟ್ಟನಂತೆ. ಅಂಗಡಿಯವನು ಕೇಳಿ ನಕ್ಕು ತನಗೂ ಒಂದು ತುಂಬಿಸಿಕೊಂಡ. ಆಮೇಲೆ ಕೇಳಿದವರಿಗೆಲ್ಲ ತುಂಬಿಸಿ ಕೊಡುತ್ತಿದ್ದಾನೆ. ಮೇಲೆ ಹೆಸರಿಲ್ಲ, ಊರಿಲ್ಲ, 'ಹೆಂಗಸರ ಮದುವಿ ಪದಗಳು' ಅಂತ ಅಷ್ಟೇ ಬರೆದಿದ್ದಾನಂತೆ.

"ಎಷ್ಟ ಊರಾಗ ಐತಿ?" ಅಂದೆ.

"ಎಷ್ಟ ಊರಾಗ ಇಲ್ಲ ಅಂತ ಕೇಳ್ರಿ" ಅಂದಳು.

ಹಲ್ಲಿಯ ಸಾಲು ಕೇಳಿದರೆ ಭಾವನವರಿಗೆ ತಿಳಿಯುತ್ತದೆ. ಒಡಪು ಕೇಳಿದರೆ ಊರಿಗೇ ತಿಳಿಯುತ್ತದೆ, ಸಕ್ರಪ್ಪ ಅನ್ನುವ ಹೆಸರಿನವರು ಈ ಊರಲ್ಲಿ ಎಷ್ಟು ಮಂದಿ ಇದ್ದಾರೆ? ಮರಿಯವ್ವನನ್ನು ಬರೀ ಜೋರು ಮಾತಿಗೆ ಕಳಿಸಿದರು. ನನ್ನನ್ನು ಏನು ಮಾಡಿಯಾರು? ತವರು ಕೊರ್ಲಹಳ್ಳಿಯಲ್ಲಿ ಅಪ್ಪ ಅವ್ವ ಇಲ್ಲ, ಅಣ್ಣ ಅತ್ತಿಗೆ ಇದ್ದಾರೆ. ನೀಲವ್ವನನ್ನು ನನ್ನ ಜೊತೆ ಕಳಿಸುವ ಮಾತೇ ಇಲ್ಲ.

೬ ಮೇ

ಮದುವೆಯ ದಿನಗಳು, ಆದರೆ ನಮ್ಮ ಭೋಂಗಾ ಮನೆಯಲ್ಲೇ ಕೂತಿದೆ. ಎಲ್ಲರಿಗೂ ಕ್ಯಾಸೆಟ್ಟೇ ಬೇಕು. "ಪ್ಲೇಟ್ ಯಾರ ಕೇಳತಾರ್ರಿ ಈಗ? ನಿಮ್ಮ ಹಂತೇಕ ಮೀಸಿ ಪದ ಐತೇನು?" ಅಂತ ಕೇಳಿ ಬೇರೆಯವರ ಹತ್ತಿರ ಹೋಗುತ್ತಾರಂತೆ. ನಮ್ಮವರು ಇಪ್ಪತ್ತು ವರ್ಷದಿಂದ ಕೂಡಿಸಿದ ಪ್ಲೇಟುಗಳನ್ನು ಒಂದೊಂದೇ ಒರೆಸಿ ಮತ್ತೆ ಇಡುತ್ತಾರೆ. ಭಾವನವರು ಹುಬ್ಬಳ್ಳಿಗೆ ಹೋಗಿ ಇವತ್ತು ಟೇಪು ಹಚ್ಚುವ ಡೆಕ್ಕು ತಂದರು, ಬರುವಾಗ ಗದಗಿನಲ್ಲಿ ಇಳಿದು ಒಂದು ಚೀಲ ಕ್ಯಾಸೆಟ್ಟೂ ತಂದರು. ಡೆಕ್ಕಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಆರತಿ ನಾನೇ ಬೆಳಗಿದೆ.

೯ ಮೇ

ಮಾಡಬಾರದ್ದು ಮಾಡಿದೆ.

ಮಧ್ಯಾಹ್ನ ಗಂಡಸರು ಉಂಡು ಮಲಗಿದಾಗ ಕ್ಯಾಸೆಟ್ಟಿನ ಚೀಲ ತೆಗೆದು ನೋಡಿದೆ. ಏಳನೆಯದೇ ಅದು. ಪ್ಲೇಟಾದರೆ ಕಲ್ಲಿಗೆ ಬಡಿದು ಒಡೆಯಬಹುದಿತ್ತು. ಇದರ ಬಾಯಿಯಲ್ಲಿ ಕಂದು ಬಣ್ಣದ ಲಾಡಿ ಕಂಡಿತು, ಬೆರಳು ಹಾಕಿ ಎಳೆದೆ. ಎಳೆದಷ್ಟೂ ಬಂತು. ಇಷ್ಟುದ್ದ ಹಾಡಿದ್ದೆನೇ ನಾನು? ನೀಲವ್ವ ಎದ್ದು ಬಂದು ಲಾಡಿಯನ್ನು ತಲೆಗೆ ಸುತ್ತಿಕೊಂಡು ಜಡೆ ಜಡೆ ಅಂತ ಕುಣಿದಳು.

ಅಷ್ಟರಲ್ಲಿ ಭಾವನವರು ಎದ್ದು ಬಂದರು. "ಯಾರ ಮಾಡಿದ್ದು ಇದನ್ನ?"

ನನ್ನ ಬಾಯಿಂದ ಬಂದದ್ದು ಇಷ್ಟೇ: "ಕೂಸು ಎಳದೈತ್ರಿ."

ಅವರು ಕೂಸಿನ ಬೆನ್ನಿಗೆ ಒಂದು ಹೊಡೆದರು. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು. ಆಮೇಲೆ ಓಡಿ ಬಂದು ನನ್ನ ಸೀರೆಯೊಳಗೇ ಮುಖ ಮುಚ್ಚಿಕೊಂಡಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

೧೨ ಮೇ

ಗದಗಿನಿಂದ ಇನ್ನೊಂದು ತಂದಿದ್ದಾರೆ. ಎಷ್ಟು ಎಳೆದರೂ ಇದು ಮುಗಿಯುವುದಿಲ್ಲ.

೨ ಜೂನ್

ನಮ್ಮವರು ಮುಳಗುಂದದ ಮದುವೆಗೆ ಭೋಂಗಾ ಕಟ್ಟಲು ಹೋಗಿದ್ದರು. ಬಂದವರು ಕಾಲು ತೊಳೆಯಲಿಲ್ಲ, ನೇರ ಅಡುಗೆ ಮನೆಗೆ ಬಂದರು. ಮದುವೆಯಾದಾಗಿನಿಂದ ಅವರು ಅಡುಗೆ ಮನೆಯೊಳಗೆ ಬಂದದ್ದು ಮೂರೋ ನಾಲ್ಕೋ ಸಲ. ನೀಲವ್ವ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

"ಆ ಪದದಾಗ ಕಡೀಕ ನನ್ನ ಹೆಸರ ಐತಿ" ಅಂದರು.

ನಾನು ರೊಟ್ಟಿಯ ಹಂಚನ್ನೇ ನೋಡುತ್ತಿದ್ದೆ.

"ಮಂದಿ ಚಾಷ್ಟಿ ಮಾಡಿದರು. ಸಕ್ರಪ್ಪ, ನಿನ್ನ ಹೇಂತಿ ಛಲೋ ಹಾಡತಾಳಲ್ಲೋ ಅಂದರು. ಖರೆ ಹೇಳು, ನೀನ ಏನು?"

ಅವರಿಗೆ ಸಿಟ್ಟಿರಲಿಲ್ಲ, ಅದನ್ನು ಈಗ ಬರೆಯುವಾಗ ಅಂದುಕೊಳ್ಳುತ್ತಿದ್ದೇನೆ. ಆಗ ಏನೂ ಕಾಣಲಿಲ್ಲ. "ಅಲ್ಲರೀ" ಅಂದೆ. ಅವರು ನಿಂತೇ ಇದ್ದರು. ನಾನು ಮಲಗಿದ ಕೂಸಿನ ತಲೆಯ ಮೇಲೆ ಕೈ ಇಟ್ಟು, "ಈ ಕೂಸಿನ ಆಣಿ, ನಾನಲ್ಲ" ಅಂದೆ.

ಅವರು ಉಸಿರು ಬಿಟ್ಟರು. "ನನಗೂ ಹಂಗ ಅನಿಸಿತು. ನಿನ್ನ ದನಿ ಅಂಥಾದ್ದಲ್ಲ" ಅಂದರು. ಇನ್ನು ಮೇಲೆ ಆ ಒಡಪು ಬರುವ ಹೊತ್ತಿಗೆ ಶಬ್ದ ತಗ್ಗಿಸುತ್ತೇನೆ, ಅಣ್ಣನ ಕಿವಿಗೆ ಹಾಕುವುದು ಬೇಡ ಅಂತಲೂ ಹೇಳಿದರು.

ನಾನು ಬಚಾವಾದೆ. ಆದರೂ ಒಂದು ಮಾತು ಬಿಡುತ್ತಿಲ್ಲ. ಮೆಹಬೂಬಿಗೆ ಗುರುತು ಹತ್ತಿದ್ದು ಇವರಿಗೆ ಹತ್ತಲಿಲ್ಲ.

೨೪ ಜೂನ್

ನೀಲವ್ವನಿಗೆ ನಾಲ್ಕು ದಿನದಿಂದ ಜ್ವರ. ಮೈ ಹಂಚಿನ ಹಾಗೆ ಸುಡುತ್ತಿದೆ. ಸುಳ್ಳು ಆಣೆ ಮಾಡಿದವಳು ನಾನು. ಶಿಕ್ಷೆ ನನಗೆ ಬರಲಿ, ನನಗೆ ಬರಲಿ.

೨೭ ಜೂನ್

ಜ್ವರ ಬಿಟ್ಟಿತು. ಗಂಜಿ ಕುಡಿದಳು. ನಾನೂ ಕುಡಿದೆ.

೧೨ ಆಗಸ್ಟ್

ಹಿರೇಹಂದಿಗೋಳದಿಂದ ಮರಿಯವ್ವನ ಅಪ್ಪ ಚನ್ನಬಸವಣ್ಣನವರು ಬಂದಿದ್ದರು. ಭಾವನವರ ಮುಂದೆ ಕೈ ಮುಗಿದು ಕೂತರು. "ಹುಡುಗಿ ತಪ್ಪ ಮಾತಾಡ್ಯಾಳ, ಹೌದು. ಕೂಸಿನ ಮುಖಾ ನೋಡಿ ವರ್ಷ ಆಗಾಕ ಬಂತು. ಇನ್ನ ಸಾಕ್ರಿ." ಭಾವನವರು ಬಹಳ ಹೊತ್ತು ಮೀಸೆ ತೀಡಿದರು. ಕೊನೆಗೆ, ದೀಪಾವಳಿ ಆದ ಮೇಲೆ ಕರೆಸೋಣ ಅಂದರು.

ನನಗೆ ಸಂತೋಷವೇ. ಯಾಕೆ ಆಗಬಾರದು? ಮರಿಯವ್ವ ಬಂದರೆ ಕೆಲಸಕ್ಕೆ ಎರಡು ಕೈ ಆಗುತ್ತದೆ. ನೀಲವ್ವನಿಗೆ ಇವತ್ತು ಎರಡು ಸಲ ನೀರು ಎರೆದೆ. ಬೆಳಿಗ್ಗೆ ಎರೆದದ್ದು ಮರೆತೇ ಹೋಗಿತ್ತು.

೩ ಸೆಪ್ಟೆಂಬರ್

ಹೆದರಿದ್ದು ಆಯಿತು. ಆದರೆ ನಾನು ಹೆದರಿದ ಹಾಗೆ ಆಗಲಿಲ್ಲ.

ಓಣಿಯ ಗಣಪತಿಗೆ ನಮ್ಮದೇ ಭೋಂಗಾ. ನಮ್ಮವರು ಊಟಕ್ಕೆ ಬಂದಾಗ ಹುಡುಗರು ತಾವೇ ಮೀಸಿ ಪದ ಹಚ್ಚಿದ್ದಾರೆ, ಪೂರಾ ಜೋರಾಗಿ. ಭಾವನವರು ಪೆಂಡಾಲಿನಲ್ಲೇ ಕೂತಿದ್ದರು. ಹಲ್ಲಿ ಬಂತು, ಜೋಳದ ಚೀಲ ಬಂತು, ಒಡಪೂ ಬಂತು. ಮನೆಯಲ್ಲಿ ಕೂತೇ ನಾನೂ ಕೇಳಿದೆ. ನಮ್ಮವರ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು.

ಭಾವನವರು ಬಂದು ಬಾಗಿಲು ಹಾಕಿದರು. "ಹಲ್ಲಿ ಸುದ್ದಿ ಗೊತ್ತಿದ್ದವರು ಇಬ್ಬರ. ಒಬ್ಬಾಕಿ ಇಲ್ಲಿ ಅದಾಳ, ಒಬ್ಬಾಕಿ ಹಿರೇಹಂದಿಗೋಳದಾಗ."

ನಮ್ಮವರು ಎದ್ದು ನಿಂತರು. "ಅಣ್ಣಾ, ನಾ ಕೇಳೀನಿ. ಕೂಸಿನ ತಲಿ ಮುಟ್ಟಿ ಆಣಿ ಮಾಡ್ಯಾಳ."

"ಈಕಿ ಅಲ್ಲಂತ ನನಗ ಗೊತ್ತೈತಿ" ಅಂದರು ಭಾವನವರು. "ಈಕಿ ನಿಂತಲ್ಲಿ ಗುಬ್ಬಿ ಸೈತ ಏಳೂದಿಲ್ಲ. ಈಕಿಗೆ ಅಂಥ ಗಂಟಲ ಎಲ್ಲಿಂದ ಬರಬೇಕು? ಆ ಗಂಟಲ ಮರಿಯವ್ವಂದು. ನನ್ನ ಮರ್ಯಾದಿ ಕಳದು, ಆಮ್ಯಾಲ ಈಕಿ ತಲಿಗೆ ಕಟ್ಟಾಕ ಸಕ್ರಪ್ಪನ ಹೆಸರ ಸೇರಿಸ್ಯಾಳ. ಗಂಡನ ಅಣ್ಣನ್ನ ತನ್ನ ಗಂಡ ಅಂತ ಒಡಪ ಹಾಕಿದಾಕಿನ್ನ ಈ ಮನಿಗೆ ಕರಕೊಳ್ಳಬೇಕೇನು?"

ಸಂಗಪ್ಪ ಗೋಡೆಗೆ ಆನಿಕೊಂಡು ಕೂತುಬಿಟ್ಟ. ಯಾರೂ ನನ್ನ ಕಡೆ ನೋಡಲಿಲ್ಲ. ಆಗ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ನೀಲವ್ವ ನನ್ನ ಬೆರಳು ಹಿಡಿದಿದ್ದಳು.

ಒಂದು ಬರೆದುಬಿಡುತ್ತೇನೆ, ಇಲ್ಲಿ ಯಾರೂ ಓದುವುದಿಲ್ಲ. ಮರಿಯವ್ವ ಇನ್ನು ಬರುವುದಿಲ್ಲ ಅಂತ ತಿಳಿದಾಗ, ಆ ಹೆದರಿಕೆಯ ನಡುವೆ ಒಂದು ಕ್ಷಣ ನನ್ನ ಎದೆ ಹಗುರಾಯಿತು. ಆ ಕ್ಷಣದಿಂದ ನನಗೆ ನಾನೇ ಅಂಜಿಕೆ.

೨೧ ಅಕ್ಟೋಬರ್

ದೀಪಾವಳಿಗೆ ಮೂರು ದಿನ. ನವೆಂಬರ್ ನಾಲ್ಕಕ್ಕೆ ಹಿರೇಹಂದಿಗೋಳದ ಹಿರಿಯರನ್ನು ಕರೆಸಿದ್ದಾರೆ. ಅವರ ಮುಂದೆ ಟೇಪು ಹಚ್ಚಿ ಕೇಳಿಸಿ ಸೋಡಚೀಟಿ ಬರೆಸುವುದಂತೆ. ಅಲ್ಲಿಗೆ ಸಂಗಪ್ಪನ ಮದುವೆ ಮುರಿದ ಹಾಗೆ. ಸಂಗಪ್ಪನಿಗೆ ಬೇರೆ ಹೆಣ್ಣು ನೋಡುವ ಮಾತೂ ಬಂದಿದೆ.

ಹಬ್ಬದ ಬಳೆ ಇಡಿಸಲು ಮೆಹಬೂಬಿ ಬಂದಳು. ಹಿರೇಹಂದಿಗೋಳಕ್ಕೂ ಹೋಗಿದ್ದಳಂತೆ. ಮರಿಯವ್ವ ಒಂದು ಡಜನ್ ಸಣ್ಣ ಬಳೆ ತೆಗೆದಿಟ್ಟುಕೊಂಡು, ಇವು ನೀಲವ್ವನ ಕೈಗೆ ಈಗ ಹಿಡಿಸುತ್ತವೋ ಇಲ್ಲವೋ ಅಂತ ಕೇಳಿದಳಂತೆ.

"ಆಕಿಗೆ ಈ ಸುದ್ದಿ ಮುಟ್ಟೈತೇನು?" ಅಂದೆ.

"ಮುಟ್ಟೈತಿ. ಪದಾನೂ ಕೇಳ್ಯಾಳ. ಮೊದಲನೇ ಸಾಲಿಗೇ ಗುರ್ತ ಹಿಡದಾಳ, ಇದು ಅಕ್ಕನ ದನಿ ಅಂತ."

"ಮತ್ತ ಯಾಕ ಹೇಳಲಿಲ್ಲ? ತನ್ನ ಅಪ್ಪಗರ ಹೇಳಬೇಕಿಲ್ಲೇನು?"

ಮೆಹಬೂಬಿ ಬುಟ್ಟಿ ಕಟ್ಟಿಕೊಳ್ಳುತ್ತಿದ್ದವಳು ನಿಲ್ಲಿಸಿದಳು. "ನಾನೂ ಅದನ್ನ ಕೇಳಿದೆ. ಅಕ್ಕನ್ನೂ ಓಡಿಸಿಬಿಟ್ಟರ ನನ್ನ ಕೂಸಿನ್ನ ನೋಡವರು ಯಾರು ಅಂದಳು."

ಅವಳು ಹೋದ ಮೇಲೆ ನಾನು ಒಲೆ ಹಚ್ಚಲಿಲ್ಲ. ಭಾವನವರು ಕೇಳಿದರೆ ತಲೆನೋವು ಅಂದರಾಯಿತು ಅಂದುಕೊಂಡೆ. ಕೇಳಿದರು. ತಲೆನೋವು ಅಂದೆ.

೨ ನವೆಂಬರ್

ದೆಹಲಿಯಲ್ಲಿ ಪ್ರಧಾನಿಯವರನ್ನು ಕೊಂದರಂತೆ. ಅಂಗಡಿಗಳಿಲ್ಲ, ಬಸ್ಸಿಲ್ಲ. ರೇಡಿಯೋದಲ್ಲಿ ಬರೀ ಶೋಕದ ವಾದ್ಯ. ಮಂದಿ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ. ಹಿರಿಯರ ಕೂಟ ಹದಿನೆಂಟಕ್ಕೆ ಹೋಯಿತು. ದೇಶಕ್ಕೆ ಇಂಥ ಕೇಡು ಬಂದಾಗ ನನಗೆ ಎರಡು ವಾರ ಸಿಕ್ಕಿತು ಅಂತ ಅನಿಸಿತು. ಎಂಥ ಹೆಂಗಸು ನಾನು.

೯ ನವೆಂಬರ್

ಊರಲ್ಲಿ ಎಲ್ಲೂ ಹಾಡಿಲ್ಲ. ಗುಡುಸಾಬರ ಹೋಟೆಲಿನ ಟೇಪಿಗೆ ಬಟ್ಟೆ ಹೊದಿಸಿದ್ದಾರೆ. ಏಳು ತಿಂಗಳಿಂದ ಬೇಡಿಕೊಂಡದ್ದು ಇದನ್ನೇ ಅಲ್ಲವೇ, ಆ ಪದ ನಿಲ್ಲಲಿ ಅಂತ? ಈಗ ನಿಂತಿದೆ, ನನಗೆ ಕೈಕಾಲು ಆಡುತ್ತಿಲ್ಲ. ನೀರಿಗೆ ಹೋದಾಗ ಬೇಕೆಂದೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಏನೂ ಕೇಳಲಿಲ್ಲ. ಬಾವಿಯ ಹತ್ತಿರ ಯಾರೂ ಇರಲಿಲ್ಲ, ಮೆಲ್ಲಗೆ ಒಂದು ಸಲ ಅಂದು ನೋಡಿದೆ. ಟೇಪಿನೊಳಗೆ ಎರಡನೆಯ ಸಾಲಿಗೆ ಉಸಿರು ಸಾಲದೆ ದನಿ ಇಳಿಸಿದ್ದೇನೆ. ಆವತ್ತು ಕೂತು ಹಾಡಿದ್ದಕ್ಕೆ ಹಾಗಾಗಿದೆ. ನಿಂತು ಹಾಡಬೇಕಿತ್ತು.

೧೭ ನವೆಂಬರ್

ನಾಳೆ. ಹಿರಿಯರು ಬರುತ್ತಾರೆ. ಹೇಳಿದರೆ ಕೂಸು ಹೋಗುತ್ತದೆ. ಹೇಳದಿದ್ದರೆ ಕೂಸು ನನ್ನದಾಗುತ್ತದೆ, ಅವಳ ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಆ ಸಣ್ಣ ಬಳೆಗಳು ಕಣ್ಣ ಮುಂದೆ ಬರುತ್ತವೆ.

೧೮ ನವೆಂಬರ್

ಬರೆದು ಮುಗಿಸಬೇಕು. ಟ್ರಂಕು ಆಮೇಲೆ ಕಟ್ಟುತ್ತೇನೆ.

ಚನ್ನಬಸವಣ್ಣನವರು ಮತ್ತು ಅವರ ಊರಿನ ಮೂವರು ಹಿರಿಯರು ಪಡಸಾಲೆಯಲ್ಲಿ ಕೂತರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಭಾವನವರೇ ಕ್ಯಾಸೆಟ್ ಹಾಕಿದರು. ಪದ ಪೂರಾ ಆಯಿತು, ಒಡಪೂ ಆಯಿತು. ಚನ್ನಬಸವಣ್ಣನವರು ತಲೆ ತಗ್ಗಿಸಿಕೊಂಡು, "ನನ್ನ ಮಗಳ ದನಿ ನನಗ ಗೊತ್ತಿಲ್ಲೇನ್ರಿ? ಇದಲ್ಲ" ಅಂದರು. ಅವರ ಮಾತು ಯಾರೂ ಹಿಡಿಯಲಿಲ್ಲ. ಮಗಳನ್ನು ಬಿಟ್ಟುಕೊಡುವ ಅಪ್ಪ ಯಾರಿದ್ದಾರೆ ಅಂದರು ಭಾವನವರು. ಕಾಗದ ಹೊರಗೆ ಬಂತು. ಸಂಗಪ್ಪನ ಕೈಗೆ ಪೆನ್ನು ಕೊಟ್ಟರು.

ಹೊಸ್ತಿಲು ಯಾವಾಗ ದಾಟಿದೆನೋ ಗೊತ್ತಿಲ್ಲ. "ಅದು ನನ್ನ ದನಿ ಐತ್ರಿ" ಅಂದೆ. ಅಷ್ಟು ಸಣ್ಣಗೆ ಬಂತೆಂದರೆ ಹತ್ತಿರ ಕೂತವರೂ ಏನಂದಿ ಅಂತ ಕೇಳಿದರು. ಮತ್ತೆ ಅಂದೆ.

ನಮ್ಮವರ ಮುಖ ನೋಡಬಾರದಿತ್ತು, ನೋಡಿದೆ. "ಕೂಸಿನ ಮ್ಯಾಲ ಆಣಿ ಮಾಡಿದ್ದೆಲ್ಲ" ಅಂದರು.

"ಸುಳ್ಳ ಆಣಿ ಮಾಡೀನ್ರಿ."

ಭಾವನವರು ನಕ್ಕರು. ಆ ನಗೆಗೆ ಸಿದ್ಧಳಾಗಿರಲಿಲ್ಲ. "ಹಿರಿಯಾರು ಕೇಳ್ರಿ, ಈಕಿದು ಭಾಳ ಮೆತ್ತನ್ನ ಮನಸು. ನೆಗೆಣ್ಣಿನ್ನ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಇಪ್ಪತ್ತು ವರ್ಷ ಹಾಡ ಕೇಳಿದ ಕಿವಿ ನಂದು. ಈ ಗಂಟಲ ಈಕಿದಲ್ಲ. ಒಳಗ ನಡಿ ಅಮೃತವ್ವ."

ಒಳಗೆ ಹೋಗಬಹುದಿತ್ತು. ನಾನು ಹೇಳಿದ್ದೆ, ಅವರೇ ನಂಬಲಿಲ್ಲ, ನನ್ನ ತಪ್ಪೇನು ಅಂತ ಬದುಕಿನ ತುಂಬ ಅಂದುಕೊಂಡು ಇರಬಹುದಿತ್ತು. ನೀಲವ್ವನೂ ಉಳಿಯುತ್ತಿದ್ದಳು. ಇದೆಲ್ಲ ಆ ಹೊತ್ತಿನಲ್ಲೇ ತಲೆಯಲ್ಲಿ ಓಡಿತು, ಖರೆ. ಆದರೆ ಆ ಗಂಟಲು ನನ್ನದಲ್ಲ ಅಂದದ್ದು ಎಲ್ಲೋ ಉರಿಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಡಿದೆ. ಮೊದಲ ಸಾಲಿಗೆ ಹಿರಿಯರು ತಲೆ ಎತ್ತಿದರು. ಬೀದಿಯಲ್ಲಿ ಹೋಗುವವರು ಬಾಗಿಲಿಗೆ ಬಂದು ನಿಂತರು. ದನಿ ನಡುಗಲಿಲ್ಲ. ಹಲ್ಲಿಯ ಸಾಲಿಗೆ ಬಂದಾಗ ಭಾವನವರನ್ನೇ ನೋಡುತ್ತಿದ್ದೆ. ಅವರ ಬಾಯಿ ಸ್ವಲ್ಪ ತೆರೆದಿತ್ತು. ಒಡಪನ್ನೂ ಹೇಳಿದೆ. ಎರಡನೆಯ ಸಾಲು ಟೇಪಿನಲ್ಲಿ ಇಳಿದಿದೆ, ಇವತ್ತು ಇಳಿಯಲಿಲ್ಲ.

ಚನ್ನಬಸವಣ್ಣನವರು ಆ ಕಾಗದ ಎತ್ತಿಕೊಂಡು ನಾಲ್ಕಾಗಿ ಹರಿದರು. "ನನ್ನ ಮಗಳ ಮ್ಯಾಲಿನ ಮಾತು ಸುಳ್ಳಾತು. ನಾಡದ ಕರಕೊಂಡ ಬರತೀನಿ." ಹಿರಿಯರು ಹೌದು ಹೌದು ಅಂದರು. ಭಾವನವರು ನನ್ನ ಕಡೆ ತಿರುಗಿದರು. ನನಗೆ ಹೇಳಿದರು, "ಆಕಿ ಬಂದ ದಿನ ನೀ ಹೊಂಡು."

ನಮ್ಮವರು ಎದ್ದು ಹೊರಗೆ ಹೋದರು, ಇನ್ನೂ ಬಂದಿಲ್ಲ.

೨೦ ನವೆಂಬರ್

ಮರಿಯವ್ವ ಬಂದಳು. ಬಹಳ ಇಳಿದಿದ್ದಾಳೆ. ನೀಲವ್ವ ಅವಳನ್ನು ನೋಡಿ ನನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಅವ್ವಾ, ಯಾರದು?" ಅಂತ ನನ್ನನ್ನು ಕೇಳಿದಳು.

ಮರಿಯವ್ವ ಮುಖ ಆ ಕಡೆ ತಿರುಗಿಸಿದಳು. ನಾನು ಕೂಸನ್ನು ಎತ್ತಿ ಅವಳ ತೆಕ್ಕೆಗೆ ಕೊಟ್ಟೆ. ಕೂಸು ಕಿರುಚಿತು, ನನ್ನ ಕೂದಲು ಹಿಡಿದುಕೊಂಡಿತು. ಒಂದೊಂದೇ ಬೆರಳು ಬಿಡಿಸಬೇಕಾಯಿತು. "ಅಕ್ಕಾ, ಇವತ್ತೊಂದಿನ ಇರ್ರಿ" ಅಂದಳು ಮರಿಯವ್ವ. ಕಿವಿಗೆ ಗಾಳಿ ತಾಗಿಸಬೇಡ, ಹಾಲಿಗೆ ಬೆಲ್ಲ ಹಾಕದಿದ್ದರೆ ಕುಡಿಯುವುದಿಲ್ಲ ಅಂತ ಹೇಳಿ ಹೊರಟೆ. ಓಣಿ ದಾಟುವ ತನಕ ಕೂಸಿನ ಅಳು ಕೇಳುತ್ತಿತ್ತು. ಅದರದೂ ದೊಡ್ಡ ಗಂಟಲೇ.

ನಮ್ಮವರು ಟ್ರಂಕು ಹೊತ್ತು ಮುಂದೆ ನಡೆದರು. ಬಸ್ಸಿನಲ್ಲಿ ಸೀಟು ಹಿಡಿದು ಕೊಟ್ಟರು.

೧೧ ಡಿಸೆಂಬರ್, ಕೊರ್ಲಹಳ್ಳಿ

ಅತ್ತಿಗೆ ಕೆಟ್ಟವಳಲ್ಲ, ಆದರೆ ದಿನಾ ಒಂದು ಸಲ ನಾನು ಯಾವಾಗ ಹೋಗುತ್ತೇನೆ ಅಂತ ಕಣ್ಣಿನಲ್ಲೇ ಕೇಳುತ್ತಾಳೆ. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಹಾಡವ್ವ ಮೀಸಿ ಪದ ಅಂತ ಬೆನ್ನು ಬೀಳುತ್ತಾರೆ. ಹಾಡುತ್ತೇನೆ. ನಿನ್ನೆ ಎರಡು ಹೊಸ ಸಾಲು ಸೇರಿಸಿದೆ.

ಇವತ್ತು ಮೆಹಬೂಬಿ ಬಂದಿದ್ದಳು. ಲಕ್ಷ್ಮೇಶ್ವರದಿಂದ ಇಷ್ಟು ದೂರ ಅವಳು ಎಂದೂ ಬಂದವಳಲ್ಲ. ಅಂಗಳದಲ್ಲಿ ಬುಟ್ಟಿ ಇಳಿಸಿ ನೀರು ಕುಡಿದು ಒಂದೊಂದೇ ಖಬರ ಹೇಳಿದಳು. ಭಾವನವರಿಗೆ ಯಾರ ಜೊತೆಗೂ ಮಾತಿಲ್ಲ. ನಮ್ಮವರು ಮದುವೆಗಳಿಗೆ ಹೋಗುತ್ತಾರೆ, ಮೀಸಿ ಪದ ಕೇಳಿದರೆ ಹಚ್ಚುತ್ತಾರೆ, ಈಗ ಕೊನೆಗೆ ಶಬ್ದ ತಗ್ಗಿಸುವುದಿಲ್ಲವಂತೆ. ಸಂಕ್ರಾಂತಿಗೆ ಈ ಕಡೆ ಬರುವ ಮಾತು ಆಡಿದರಂತೆ. ಬರಲಿ ಬಿಡಲಿ, ಅದು ಅವರಿಗೆ ಬಿಟ್ಟದ್ದು.

ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ. ಅವಳೇ ನನ್ನ ಕೈ ತೊಡೆಯ ಮೇಲೆ ಇಟ್ಟುಕೊಂಡು ಬಳೆ ಆರಿಸುತ್ತ ಹೇಳಿದಳು.

"ನೀಲವ್ವ ಮೂರ ದಿನ ಉಣ್ಣಲಿಲ್ರಿ. ಬಾಗಲದಾಗ ಕುಂತು ನಿಮ್ಮನ್ನ ಕರೀತಿದ್ದಳು. ಆಮ್ಯಾಲ ಒಂದೀಟು ಹಾಲ ಕುಡದಳು. ಈಗ ಮರಿಯವ್ವನ ಸೆರಗ ಬಿಡೂದಿಲ್ಲ. ಮನ್ನೆ ನಾ ಹೋದಾಗ ಅವ್ವಾ ಅಂದಳು."

"ಯಾರಿಗೆ?"

"ಮರಿಯವ್ವಗ."

"ಛಲೋ ಆತು" ಅಂದೆ. ಮನಸ್ಸಿನಿಂದಲೇ ಅಂದೆ.

ಮೆಹಬೂಬಿ ನನ್ನ ಬೆರಳುಗಳನ್ನು ಒತ್ತಿದಳು, ತಿಕ್ಕಿದಳು, ಬಳೆ ಗೆಣ್ಣಿನ ಹತ್ತಿರ ನಿಂತೇಬಿಟ್ಟಿತು. "ಮುಷ್ಟಿ ಸಡಲ ಬಿಡ್ರಿ ಅಮೃತಕ್ಕಾ, ಒಡೀತೈತಿ" ಅಂದಳು. ನಾನು ಬಿಟ್ಟೇ ಇದ್ದೇನೆ ಅಂದುಕೊಂಡಿದ್ದೆ.